ಬಸ್ಸಿನ ಕಂಬಿ ಹಿಡಿಯುವುದು ಬೆನ್ನಿನ ಕೆಲಸ

ಮೆಜೆಸ್ಟಿಕ್‌ನಿಂದ ಬನಶಂಕರಿ ಕಡೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಮೇಲಿನ ಕಂಬಿಯೇ ಗತಿ. ಕಳೆದ ಮಳೆಗಾಲದಲ್ಲಿ ನನಗೆ ಆ ಕಂಬಿಯೂ ಎಟುಕದಂತಾಯಿತು. ಬಲಗೈ ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ಚುಳ್ ಅಂತ ನೋವು. ಎಡಗೈಯಲ್ಲಿ ಜೋತುಬಿದ್ದು ಮೂರು ವಾರ ತಳ್ಳಿದೆ. ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ ಅವರು ಮೊದಲು ಮುಟ್ಟಿದ್ದು ಬೆನ್ನನ್ನು. ಅಲ್ಲಿ ಹೆಬ್ಬೆರಳು ಒತ್ತಿ, "ಈಗ ಕೈ ಎತ್ತಿ ಸರ್" ಅಂದರು.

ಕೈ ನೋವಿಗೆ ಬೆನ್ನು ಯಾಕೆ? ನೀವೇ ಪರೀಕ್ಷಿಸಬಹುದು. ಮನೆಯಲ್ಲಿ ಯಾರನ್ನಾದರೂ ನಿಲ್ಲಿಸಿ, ಬೆನ್ನಿನ ಮೇಲ್ಭಾಗದ ಹಲಗೆ ಮೂಳೆಯ ಕೆಳಮೂಲೆಗೆ ಬೆರಳಿಡಿ. ಡಾಕ್ಟರುಗಳ ಬಾಯಲ್ಲಿ ಇದು ಸ್ಕ್ಯಾಪುಲಾ. ಅವರು ಕೈಯನ್ನು ಪಕ್ಕದಿಂದ ಮೆಲ್ಲಗೆ ಎತ್ತಲಿ. ಶುರುವಿನಲ್ಲಿ ಮೂಳೆ ಹೆಚ್ಚು ಅಲುಗುವುದಿಲ್ಲ. ಆಮೇಲೆ ನಿಮ್ಮ ಬೆರಳಿನಡಿಯಿಂದ ಜಾರಿ ಕಂಕುಳ ಕಡೆ ಹೊರಟೇಬಿಡುತ್ತದೆ. ಕೈ ಪೂರ್ತಿ ಮೇಲೆ ಹೋದರೆ ಸುಮಾರು 180 ಡಿಗ್ರಿ. ಅದರಲ್ಲಿ 120 ಮಾತ್ರ ಭುಜದ ಕೀಲಿನದು, ಉಳಿದ 60 ಈ ಹಲಗೆ ತಿರುಗುವುದರಿಂದ ಬರುವುದು. ಎರಡಕ್ಕೆ ಒಂದು ಎಂಬ ಈ ಲೆಕ್ಕವನ್ನು 1944ರಲ್ಲಿ ಇನ್‌ಮನ್, ಸಾಂಡರ್ಸ್ ಮತ್ತು ಆ್ಯಬಟ್ ಎಂಬ ಮೂವರು ಸಂಶೋಧಕರು ಪ್ರಕಟಿಸಿದರು. ಎಲ್ಲರಲ್ಲೂ ಹೀಗೇ ಕರಾರುವಾಕ್ಕಾಗಿ ಇರುವುದಿಲ್ಲ, ಅಂದಾಜಿಗೆ ಸಾಕು.

ಕೀಲಿನ ಕಥೆ ಇನ್ನೂ ಮಜವಾಗಿದೆ. ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದೀರಲ್ಲ? ನಿಮ್ಮ ಭುಜದೊಳಗೆ ದಿನವಿಡೀ ಅದೇ ಓಟ. ರಟ್ಟೆ ಮೂಳೆಯ ತಲೆ ದೊಡ್ಡದು, ಅದು ಕೂರುವ ಗುಂಡಿ ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಕೈ ಇಷ್ಟೊಂದು ಕಡೆ ತಿರುಗುತ್ತದೆ, ಅದಕ್ಕೇ ಸುಲಭವಾಗಿ ಕಳಚುತ್ತದೆ ಕೂಡ.

ಭುಜಕ್ಕೆ ಗುಂಡನೆಯ ಆಕಾರ ಕೊಡುವ ಡೆಲ್ಟಾಯ್ಡ್ ಸ್ನಾಯು ಬಲಶಾಲಿ. ಆದರೆ ಕೈ ಕೆಳಗೆ ಇಳಿಬಿದ್ದಿರುವಾಗ ಅದೊಂದೇ ಎಳೆದರೆ ನಿಂಬೆಹಣ್ಣು ಮೇಲಕ್ಕೆ ಉರುಳಿ, ಭುಜದ ಮೇಲಿರುವ ಮೂಳೆಯ ಚಾವಣಿಗೆ ತಾಗುತ್ತದೆ. ಹಾಗಾಗದಂತೆ ತಡೆಯುವುದು ಒಳಗಿನ ನಾಲ್ಕು ಪುಟ್ಟ ಸ್ನಾಯುಗಳ ತಂಡ, ರೊಟೇಟರ್ ಕಫ್. ಇವು ಮೂಳೆಯ ತಲೆಯನ್ನು ಗುಂಡಿಗೆ ಒತ್ತಿ ಹಿಡಿಯುತ್ತವೆ. ಮೊದಲ 15 ಡಿಗ್ರಿ ಇವುಗಳಲ್ಲೊಂದಾದ ಸುಪ್ರಾಸ್ಪೈನೇಟಸ್ ಎತ್ತುತ್ತದೆ, ಮುಂದೆ ಡೆಲ್ಟಾಯ್ಡ್ ವಹಿಸಿಕೊಳ್ಳುತ್ತದೆ ಅಂತ ಎಷ್ಟೋ ಪಠ್ಯಗಳಲ್ಲಿದೆ. ರಿಲೇ ಓಟದ ಹಾಗೆ! ನೋಡಲು ಅಚ್ಚುಕಟ್ಟು, ಆದರೆ ಸ್ನಾಯುಗಳ ವಿದ್ಯುತ್ ಅಳೆದಾಗ ಎರಡೂ ಶುರುವಿನಿಂದಲೇ ಒಟ್ಟಿಗೆ ದುಡಿಯುವುದು ಕಾಣುತ್ತದೆ.

ಇನ್ನು ಹಲಗೆ ತಿರುಗಿಸುವವರು ಇಬ್ಬರು. ಕತ್ತಿನಿಂದ ಬೆನ್ನಿಗೆ ಇಳಿಯುವ ಟ್ರಪೀಜಿಯಸ್, ಪಕ್ಕೆಲುಬುಗಳಿಂದ ಹೊರಟು ಹಲಗೆಯ ಒಳ ಅಂಚಿಗೆ ಸೇರುವ ಸೆರೇಟಸ್. ಗರಡಿಯಲ್ಲಿ ದಂಡ ಹೊಡೆಯುವವರ ಪಕ್ಕೆಯಲ್ಲಿ ಗರಗಸದ ಹಲ್ಲಿನಂತೆ ಕಾಣುವುದು ಈ ಸೆರೇಟಸ್ಸೇ. ಇದರ ನರಕ್ಕೆ ಪೆಟ್ಟಾದರೆ ಹಲಗೆ ರೆಕ್ಕೆಯಂತೆ ಹೊರಚಾಚುತ್ತದೆ, ಕೈ ತಲೆಯ ಮೇಲೆ ಹೋಗಲು ಒದ್ದಾಡುತ್ತದೆ.

ಇನ್ನೊಂದು ತಮಾಷೆ ಇದೆ. ಹೆಬ್ಬೆರಳು ನೆಲ ನೋಡುವಂತೆ ಕೈ ತಿರುಚಿ ಪಕ್ಕದಿಂದ ಎತ್ತಿ. ಭುಜದ ಮಟ್ಟ ದಾಟುವಷ್ಟರಲ್ಲಿ ಬಿಗಿ ಹಿಡಿಯುತ್ತದೆ, ಅಲ್ವಾ? ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸಿ, ಸಲೀಸು. ರಟ್ಟೆ ಮೂಳೆಯ ಹೊರಗಿನ ಉಬ್ಬು ಚಾವಣಿಗೆ ತಾಗದೆ ಹಿಂದಕ್ಕೆ ಸರಿಯಿತು, ಅಷ್ಟೇ. ನೋವಿದ್ದರೆ ಮಾತ್ರ ಬಲವಂತ ಬೇಡ.

ನನಗೆ ಕೊಟ್ಟ ವ್ಯಾಯಾಮ ಗೋಡೆಗೆ ಕೈಯೂರಿ ತಳ್ಳುವುದು. ಆರು ವಾರ ತಳ್ಳಿದೆ. ಈಗ ಕಂಬಿ ಎಟುಕುತ್ತದೆ. ಮೊನ್ನೆ ಮುಂದೆ ನಿಂತವರ ಷರಟಿನೊಳಗೆ ಹಲಗೆ ತಿರುಗುವುದನ್ನೇ ನೋಡುತ್ತ ನಿಂತು, ನನ್ನ ಸ್ಟಾಪ್ ದಾಟಿಹೋಯಿತು.