ಆಪೆರಾ ಆಟದಲ್ಲಿ ಕಪ್ಪು ಪಡೆ ಸೋತದ್ದು ಯಾವ ನಡೆಯಲ್ಲಿ?

ಪ್ರಶ್ನೆ: ಚದುರಂಗ ಆಟಗಾರ ಪಾಲ್ ಮಾರ್ಫಿಯ ‘ಆಪೆರಾ ಆಟ’ವನ್ನು ನನ್ನ ಮಗಳು ಮಣೆಯ ಮೇಲೆ ಇಟ್ಟುಕೊಂಡು ಮತ್ತೆ ಮತ್ತೆ ಆಡುತ್ತಾಳೆ. ಕೊನೆಯಲ್ಲಿ ಮಂತ್ರಿಯನ್ನೇ ಬಲಿಕೊಟ್ಟು ಗೆದ್ದದ್ದು ಚೆಂದವೇ. ಆದರೆ ಕಪ್ಪು ಪಡೆಯ ನಿಜವಾದ ತಪ್ಪು ಎಲ್ಲಿದೆ ಎಂದು ಅವಳು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ದಯವಿಟ್ಟು ವಿವರಿಸಿ. — ಒಬ್ಬ ಓದುಗರು, ಹಾಸನ

ಉತ್ತರ: ಹಾಸನದಲ್ಲಿ ಭಾನುವಾರಗಳಂದು ನನ್ನ ಬಳಿ ಚದುರಂಗ ಕಲಿಯಲು ಬರುವ ಮಕ್ಕಳು ಕೂಡ ಈ ಆಟ ನೋಡಿದೊಡನೆ ಮೊದಲು ಬೆರಳಿಡುವುದು 16ನೆಯ ನಡೆಯ ಮೇಲೆ, ಅಂದರೆ ಮಾರ್ಫಿ ತನ್ನ ಮಂತ್ರಿಯನ್ನು ಬಿ8 ಮನೆಗೆ (ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಎರಡನೆಯ ಕಂಬಸಾಲು, ಕೆಳಗಿನಿಂದ ಎಂಟನೆಯ ಅಡ್ಡಸಾಲು) ತಂದು ಎದುರಾಳಿಯ ಕುದುರೆಯ ಬಾಯಿಗೆ ಕೊಟ್ಟ ಜಾಗದ ಮೇಲೆ. ಅಲ್ಲಿ ಹುಡುಕಿದರೆ ತಪ್ಪು ಸಿಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಕಪ್ಪು ಪಡೆಗೆ ಕುದುರೆಯಿಂದ ಮಂತ್ರಿಯನ್ನು ಹೊಡೆಯುವುದನ್ನು ಬಿಟ್ಟು ಬೇರೆ ನಡೆಯೇ ಉಳಿದಿರಲಿಲ್ಲ. ಆಲೂಗೆಡ್ಡೆಗೆ ಅಂಗಮಾರಿ ತಗುಲಿದ್ದು ಎಲೆಯ ಮೇಲೆ ಮಚ್ಚೆ ಕಂಡ ದಿನವಲ್ಲ ಎಂಬುದು ನಮ್ಮ ಜಿಲ್ಲೆಯ ರೈತರಿಗೆ ಗೊತ್ತಿರುವ ಸಂಗತಿ. ಈ ಆಟವನ್ನೂ ಹಾಗೆಯೇ ಹಿಂದಕ್ಕೆ ಹೋಗುತ್ತ ಓದಬೇಕು.

1858ರಲ್ಲಿ ಪ್ಯಾರಿಸ್ಸಿನ ಆಪೆರಾ ಮಂದಿರದಲ್ಲಿ ಈ ಆಟ ನಡೆಯಿತು. ನ್ಯೂ ಆರ್ಲಿಯನ್ಸಿನ ಮಾರ್ಫಿಗೆ ಆಗ 21 ವರ್ಷ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸೂವಾರ್ ಇಬ್ಬರೂ ಸಮಾಲೋಚಿಸಿಕೊಂಡು ಕಪ್ಪು ಕಾಯಿ ನಡೆಸುತ್ತಿದ್ದರು. ಇಬ್ಬರ ತಲೆ ಸೇರಿಯೂ ಆಟ 17ನೆಯ ನಡೆಗೆ ಮುಗಿಯಿತು.

ಮೊದಲ ಎಡವಟ್ಟು 3ನೆಯ ನಡೆಯಲ್ಲೇ ಇದೆ. ಕಪ್ಪು ಪಡೆ ಒಂಟೆಯನ್ನು ಜಿ4ಕ್ಕೆ ತಂದು ಬಿಳಿಯ ಕುದುರೆಯನ್ನು ಕಟ್ಟಿಹಾಕಿತು. ಮಾರ್ಫಿ ಇ5ರಲ್ಲಿ ಕಾಲಾಳನ್ನು ಹೊಡೆದ. ಅದನ್ನು ತಕ್ಷಣ ಮರಳಿ ಹೊಡೆದರೆ ಮಂತ್ರಿಗಳು ಬದಲಾಗಿ, ಬಳಿಕ ಬಿಳಿಯ ಕುದುರೆ ಇ5ಕ್ಕೆ ಹಾರಿ ಒಂದು ಕಾಲಾಳನ್ನು ಗಳಿಸುತ್ತಿತ್ತು. ಆದ್ದರಿಂದ ಕಪ್ಪು ಪಡೆ ಒಂಟೆಯನ್ನು ಕೊಟ್ಟು ಕುದುರೆಯನ್ನು ತೆಗೆಯಲೇಬೇಕಾಯಿತು. ಲೆಕ್ಕದಲ್ಲಿ ಇದು ಸರಿಸಮ. ಆದರೆ ಹೊರಬಂದಿದ್ದ ಒಂದೇ ಒಂದು ಕಪ್ಪು ಕಾಯಿ ಮಣೆಯಿಂದ ಹೋಯಿತು, ಬಿಳಿಯ ಮಂತ್ರಿ ಪುಕ್ಕಟೆಯಾಗಿ ಎಫ್3ಕ್ಕೆ ಬಂದಿತು.

ಮುಂದೆ 7ನೆಯ ನಡೆಯಲ್ಲಿ ಮಂತ್ರಿ ಬಿ3ಕ್ಕೆ ಸರಿದು ಎಫ್7 ಮತ್ತು ಬಿ7 ಎರಡರ ಮೇಲೂ ಏಕಕಾಲಕ್ಕೆ ಕಣ್ಣಿಟ್ಟಿತು. ಕಪ್ಪು ಪಡೆ ತನ್ನ ಮಂತ್ರಿಯನ್ನು ಇ7ಕ್ಕೆ ತಂದು ಎಫ್7ನ್ನು ಕಾಯಿತು, ಆದರೆ ಅದೇ ನಡೆಯಿಂದ ಎಫ್8ರ ಒಂಟೆಯ ಬಾಗಿಲನ್ನು ತಾನೇ ಮುಚ್ಚಿಕೊಂಡಿತು. ಇಲ್ಲಿ ಮಾರ್ಫಿ ಬಿ7ರ ಕಾಲಾಳನ್ನು ಹೊಡೆಯಬಹುದಿತ್ತು. ಆಗ ಕಪ್ಪು ಮಂತ್ರಿ ಬಿ4ರಿಂದ ಚೆಕ್ ಕೊಟ್ಟು ಮಂತ್ರಿಗಳನ್ನು ಬದಲಿಸುತ್ತಿತ್ತು. ಆತ ಅದನ್ನು ಬಿಟ್ಟು ಕುದುರೆಯನ್ನು ಸಿ3ಕ್ಕೆ ತಂದ. ನಾನಾಗಿದ್ದರೆ ಸುಮ್ಮನೆ ಕಾಲಾಳನ್ನು ತೆಗೆದುಕೊಳ್ಳುತ್ತಿದ್ದೆ; ಆಗ ಆಟ ಗೆಲ್ಲಬಹುದಾದರೂ ಯಾರೂ ಅದನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲ.

9ನೆಯ ನಡೆಯಲ್ಲಿ ಬಿಳಿಯ ಒಂಟೆ ಜಿ5ಕ್ಕೆ ಬಂದಾಗ ಮಣೆಯನ್ನು ಹಾಗೆಯೇ ಬಿಟ್ಟು ಹೊರಗಿರುವ ಕಾಯಿಗಳನ್ನು ಎಣಿಸಲು ಮಗಳಿಗೆ ಹೇಳಿ. ಬಿಳಿಗೆ ಮಂತ್ರಿ, ಎರಡು ಒಂಟೆ, ಒಂದು ಕುದುರೆ. ಕಪ್ಪಿಗೆ ಒಂದು ಕುದುರೆ, ಜೊತೆಗೆ ತನ್ನದೇ ಒಂಟೆಗೆ ಅಡ್ಡ ನಿಂತ ಮಂತ್ರಿ. ಇಂಥ ಸ್ಥಿತಿಯಲ್ಲಿ ಕಪ್ಪು ಪಡೆ ಬಿ5ಕ್ಕೆ ಕಾಲಾಳನ್ನು ನೂಕಿ ಬಿಳಿಯ ಒಂಟೆಯನ್ನು ಬೆದರಿಸಿತು. ರಾಜ ಇನ್ನೂ ನಡುಮನೆಯಲ್ಲೇ ಇರುವಾಗ ಸುತ್ತಲ ಬೇಲಿಯನ್ನು ತಾನೇ ಕಿತ್ತಂತಾಯಿತು. ಒಂದನ್ನೇ ಆರಿಸಿ ಎಂದರೆ ನಾನು ಹೇಳುವ ತಪ್ಪು ಇದು.

ಮಾರ್ಫಿ ಕುದುರೆಯನ್ನೇ ಕೊಟ್ಟು ಬಿ5ರ ಕಾಲಾಳನ್ನು ಹೊಡೆದ. ಕಪ್ಪು ಪಡೆ ಕುದುರೆಯನ್ನು ಸಿ6ರ ಕಾಲಾಳಿನಿಂದ ತೆಗೆದಾಗ ಒಂಟೆ ಬಿ5ಕ್ಕೆ ಬಂದು ಚೆಕ್ ಕೊಟ್ಟಿತು; ಮುಂದಿನ ನಡೆಯಲ್ಲಿ ಮಂತ್ರಿಯ ಬದಿಗೆ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಿ, ಅದೇ ಏಟಿಗೆ ಆನೆಯನ್ನು ಡಿ1ರ ತೆರೆದ ಸಾಲಿಗೆ ತಂದ. ಡಿ7ಕ್ಕೆ ಅಡ್ಡ ಬಂದ ಕುದುರೆ ಈಗ ಅಲುಗಾಡುವಂತಿಲ್ಲ. ಒಂದು ಆನೆ ಅಲ್ಲಿ ಬಲಿಯಾದರೆ ಇನ್ನೊಂದು ಅದರ ಜಾಗಕ್ಕೆ ಡಿ1ಕ್ಕೆ ಬಂದು ನಿಂತಿತು. 14ನೆಯ ನಡೆಯಲ್ಲಿ ಕಪ್ಪು ಮಂತ್ರಿ ಬಿ4ಕ್ಕೆ ಹೋಗಿದ್ದರೂ ಉಳಿಯುತ್ತಿರಲಿಲ್ಲ: ಒಂಟೆ ಎಫ್6ರ ಕುದುರೆಯನ್ನು ಹೊಡೆದಾಗ, ಬಿ3ರ ಮಂತ್ರಿಯನ್ನು ತೆಗೆಯುವ ಆಸೆಗೆ ಬಿದ್ದರೆ ಇನ್ನೊಂದು ಒಂಟೆ ಡಿ7ರಲ್ಲಿ ಚೆಕ್‌ಮೇಟ್ ಮಾಡುತ್ತಿತ್ತು.

ಹಾಗಾದರೆ ಉಳಿಯುವ ದಾರಿ ಎಲ್ಲಿತ್ತು? 10ನೆಯ ನಡೆಯಲ್ಲಿ ಕುದುರೆಯನ್ನು ತೆಗೆಯುವ ಮೊದಲು ಕಪ್ಪು ಮಂತ್ರಿ ಬಿ4ರಿಂದ ಚೆಕ್ ಕೊಡಬೇಕಿತ್ತು. ಮಂತ್ರಿಗಳು ಬದಲಾಗಿ, ಎರಡು ಕಾಲಾಳು ಕಡಿಮೆಯಾದರೂ ರಾಜನ ಮೇಲಿನ ದಾಳಿ ಅಲ್ಲಿಗೆ ತಣ್ಣಗಾಗುತ್ತಿತ್ತು. ಮಗಳು ಆ ಸ್ಥಿತಿಯಿಂದ ಕಪ್ಪು ಕಾಯಿ ಹಿಡಿದು ನಿಮ್ಮೊಡನೆ ಆಡಿ ನೋಡಲಿ. ನಡೆದ ಆಟವನ್ನು ಕೊನೆಯವರೆಗೂ ಇಟ್ಟು ನೋಡುವುದಾದರೆ, ಚೆಕ್‌ಮೇಟ್ ಆದಾಗ ಎಫ್8ರ ಒಂಟೆ ಮತ್ತು ಎಚ್8ರ ಆನೆ ಆಟ ಶುರುವಾದಾಗ ಇದ್ದ ಮನೆಗಳಲ್ಲೇ ನಿಂತಿರುವುದನ್ನು ಅವಳಿಗೆ ತೋರಿಸಿ.