ಐದು ಕಂತು ಸಾಕಾದರೆ 54 ಯಾಕೆ?

ಓದುಗರ ಪ್ರಶ್ನೆ: 'ಚೆರ್ನೋಬಿಲ್' ಐದೇ ಕಂತಿನಲ್ಲಿ ಮುಗಿಯಿತು. ಕೊರಿಯಾದ 'ಡೇ ಜಾಂಗ್ ಗಮ್' 54 ಕಂತು! ಎರಡೂ ಇತಿಹಾಸದ ಕತೆಗಳೇ ಅಲ್ವಾ? ಮತ್ತೆ ಇಷ್ಟು ವ್ಯತ್ಯಾಸ ಯಾಕೆ?

ಉತ್ತರ: ಎರಡಕ್ಕೂ ಒಂದು ಕೊನೆ ಇದೆ. ನಮ್ಮ ಮೆಗಾ ಧಾರಾವಾಹಿಗಳ ಹಾಗೆ ವರ್ಷಗಟ್ಟಲೆ ಓಡುವುದಿಲ್ಲ. ಆದರೆ ಮೊದಲನೆಯದು ಒಂದು ಘಟನೆಯ ಕತೆ, ಎರಡನೆಯದು ಒಂದು ಬದುಕಿನ ಕತೆ.

1986ರ ಏಪ್ರಿಲ್ 26ರಂದು ಅಣು ವಿದ್ಯುತ್ ಸ್ಥಾವರದಲ್ಲಿ ಆದ ಸ್ಫೋಟ 'ಚೆರ್ನೋಬಿಲ್'ನ ಶುರುವಿನಲ್ಲೇ ಆಗಿಬಿಡುತ್ತದೆ. ಉಳಿಯುವುದು ಒಂದೇ ಪ್ರಶ್ನೆ: ಇದು ಹೇಗಾಯಿತು? ಉತ್ತರ ಸಿಕ್ಕರೆ ಕತೆ ಮುಗಿಯಿತು. ಅದಕ್ಕೇ ಅಲ್ಲಿ ಎಲ್ಲವೂ ಬಿಗಿ. ಎಷ್ಟೋ ವಿಜ್ಞಾನಿಗಳ ಕೆಲಸವನ್ನು ಉಲಾನಾ ಖೋಮ್ಯುಕ್ ಎಂಬ ಒಂದೇ ಕಲ್ಪಿತ ಪಾತ್ರಕ್ಕೆ ಕೊಟ್ಟಿದ್ದಾರೆ.

'ಡೇ ಜಾಂಗ್ ಗಮ್'ನ ನಾಯಕಿ, ವೈದ್ಯೆ ಜಾಂಗ್ ಗಮ್ ವಿಷಯ ಬೇರೆ. ಕೊರಿಯಾವನ್ನು ಆಳಿದ ಜೊಸಾನ್ ರಾಜರ ಕಾಲದ ದಾಖಲೆಗಳಲ್ಲಿ ಈ ವೈದ್ಯೆಯ ಬಗ್ಗೆ ಇರುವುದು ಕೆಲವೇ ಸಾಲು. 1544ರಲ್ಲಿ ಹಾಸಿಗೆ ಹಿಡಿದ ರಾಜ ಜುಂಗ್‌ಜೋಂಗ್, ತನ್ನ ಕಾಯಿಲೆ ಏನೆಂದು ಆ ವೈದ್ಯೆಗೆ ಗೊತ್ತು ಅಂದನಂತೆ. ಒಬ್ಬ ರಾಜ ಒಬ್ಬ ಹೆಣ್ಣುಮಗಳನ್ನು ಅಷ್ಟು ನಂಬಬೇಕಾದರೆ ಅವಳು ಎಂಥವಳಿರಬೇಕು? 54 ಕಂತು ಹುಟ್ಟಿದ್ದು ಆ ನಂಬಿಕೆಯ ಹಿಂದಿನ ದಾರಿಯನ್ನು ಕಲ್ಪಿಸಿಕೊಂಡಾಗ.

ನೀರಿನ ದೃಶ್ಯವನ್ನೇ ನೋಡಿ. ಅರಮನೆಯ ಅಡುಗೆಮನೆಗೆ ಸೇರಿದ ಪುಟ್ಟ ಹುಡುಗಿಗೆ ಗುರು ಹೇಳುವುದು ಇಷ್ಟೇ: ನೀರು ತಾ. ಬಿಸಿನೀರು ತಂದರೂ ಬೇಡ, ತಣ್ಣೀರು ತಂದರೂ ಬೇಡ. ದಿನಗಳು ಹೋಗುತ್ತವೆ. ಕೊನೆಗೆ ಹುಡುಗಿ ನೀರು ತರುವ ಮೊದಲು ಕೇಳುತ್ತಾಳೆ: ಹೊಟ್ಟೆ ನೋಯುತ್ತಿದೆಯಾ? ಗಂಟಲು ನೋವಿದೆಯಾ? ಕುಡಿಯುವವರ ಮೈ ಹೇಗಿದೆ ಅಂತ ತಿಳಿದು ಕೊಡಬೇಕು, ಅದೇ ಪಾಠ. ಮುಂದೆ ಅವಳು ವೈದ್ಯೆಯಾಗುವುದರ ಬೀಜ ಅಲ್ಲೇ ಇದೆ. ಐದು ಕಂತಿನ ಕತೆಗೆ ಇಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಈ ನಿಧಾನವೇ ನನಗೆ ತುಂಬಾ ಇಷ್ಟ.

ಹಾಗಂತ ಉದ್ದವೆಲ್ಲ ಕತೆಗಾಗಿಯೇ ಅಲ್ಲ. ಇಂಥ ಕೊರಿಯನ್ ಧಾರಾವಾಹಿಗಳು ಟಿವಿಯಲ್ಲಿ ವಾರಕ್ಕೆ ಎರಡು ಕಂತಿನಂತೆ ಬರುತ್ತಿದ್ದವು. ಪ್ರಸಾರ ನಡೆಯುತ್ತಿರುವಾಗಲೇ ಮುಂದಿನ ಕಂತುಗಳ ಶೂಟಿಂಗ್. ಜನ ಮೆಚ್ಚಿದರೆ ಇನ್ನಷ್ಟು ಕಂತು. 60ಕ್ಕೆ ಮುಗಿಯಬೇಕಿದ್ದ 'ಜುಮೊಂಗ್' ಎಂಬ ಇನ್ನೊಂದು ಐತಿಹಾಸಿಕ ಧಾರಾವಾಹಿ 81ಕ್ಕೆ ಹೋಯಿತು. ಅಲ್ಲಿ ಸುಮ್ನೆ ಎಳೆದ ಭಾಗ ಎದ್ದು ಕಾಣುತ್ತದೆ.

ಈಗ ಕೊರಿಯಾದಲ್ಲೂ ಚಿಕ್ಕ ಸರಣಿಗಳು ಜಾಸ್ತಿ. ನೆಟ್‌ಫ್ಲಿಕ್ಸ್‌ನ 'ಕಿಂಗ್‌ಡಮ್' ಸೀಸನ್‌ಗೆ ಆರೇ ಕಂತು, 2021ರ 'ದಿ ರೆಡ್ ಸ್ಲೀವ್' 17. ಬಿಗಿಯಾದ ಕತೆ ಬೇಕಿದ್ದರೆ 'ಕಿಂಗ್‌ಡಮ್'ನಿಂದ ಶುರು ಮಾಡಿ. ಜಾಂಗ್ ಗಮ್ ನೋಡುವುದಾದರೆ ದಿನಕ್ಕೆ ಒಂದೇ ಕಂತು ನೋಡಿ. ಮೊದಲ ಕಂತು ಅವಳ ಅಪ್ಪ ಅಮ್ಮನದು, ಅವಳು ದೊಡ್ಡವಳಾಗುವುದಕ್ಕೆ ಇನ್ನೂ ಕೆಲವು ಕಂತು ಬೇಕು. ಅಲ್ಲಿವರೆಗೆ ಬಿಡಬೇಡಿ.