ಲಂಗೋಟಿ ಕಟ್ಟಿ ನಿಂತ ತಾತನ ಫೋಟೋ: ಯಾಕೆ ಹಾಗೆ ತೆಗೆಸಿಕೊಂಡರು?

ಪ್ರಶ್ನೆ: ಹಳೇ ಮನೆ ಖಾಲಿ ಮಾಡುವಾಗ ಟ್ರಂಕಿನಲ್ಲಿ ನಮ್ಮ ತಾತನ ಫೋಟೋ ಸಿಕ್ಕಿತು. ಮೈಮೇಲೆ ಬರೀ ಲಂಗೋಟಿ. ಕೈ ಕಟ್ಟಿಕೊಂಡು, ಎದೆ ಉಬ್ಬಿಸಿ ನಿಂತಿದ್ದಾರೆ. ಹಿಂದೆ ಬಣ್ಣ ಬಳಿದ ಪರದೆ, ಪಕ್ಕದಲ್ಲಿ ಒಂದು ಕಂಬ. ಆಗಿನವರು ಯಾಕೆ ಹೀಗೆ ತೆಗೆಸಿಕೊಳ್ಳುತ್ತಿದ್ದರು? ಇದನ್ನು ಹಾಲ್‌ನಲ್ಲಿ ಹಾಕಬಹುದಾ, ನೋಡಿದವರು ಏನಂದುಕೊಳ್ಳುತ್ತಾರೆ?

ಉತ್ತರ: ಖಂಡಿತ ಹಾಕಿ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಎಷ್ಟೋ ಮನೆಗಳಲ್ಲಿ ಇಂಥ ಒಂದು ಫೋಟೋ ಇದೆ. ಜಾಸ್ತಿ ಮಂದಿ ಸಂಕೋಚಪಟ್ಟು ಬೀರುವಿನ ತಳದಲ್ಲಿ ಇಟ್ಟಿರುತ್ತಾರೆ. ಅದು ನನಗೆ ತುಂಬಾ ಬೇಜಾರಿನ ಸಂಗತಿ. ಆ ಮೈ ಕಟ್ಟೋದಕ್ಕೆ ನಿಮ್ಮ ತಾತ ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಸಾಮು ಮಾಡಿದ್ದಾರೆ. ಆ ದುಡಿಮೆಗೆ ಉಳಿದಿರುವ ಒಂದೇ ದಾಖಲೆ ಈ ಫೋಟೋ.

ಯಾಕೆ ಆ ಭಂಗಿ ಅಂದರೆ, ಅದರ ಹಿಂದೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ನಮ್ಮ ಗರಡಿ ಮನೆಯದು. ಇನ್ನೊಂದು ಲಂಡನ್, ನ್ಯೂಯಾರ್ಕಿನ ಸ್ಟುಡಿಯೋಗಳಿಂದ ಬಂದದ್ದು. ನಿಮ್ಮ ತಾತನ ಫೋಟೋ ಯಾವ ದಾರಿಯದು ಅಂತ ನೀವೇ ಗುರುತಿಸಬಹುದು.

ಗರಡಿಯಿಂದ ಶುರು ಮಾಡೋಣ. ಗರಡಿ ಮನೆಗೆ ಹೋದವರಿಗೆ ಗೊತ್ತು, ಆಂಜನೇಯನ ಪಟದ ಪಕ್ಕದಲ್ಲೇ ಉಸ್ತಾದರ ಫೋಟೋಗಳು ಸಾಲಾಗಿ ಇರುತ್ತವೆ. ಅಲ್ಲಿ ಪೈಲ್ವಾನ್ ನೆಟ್ಟಗೆ, ಕ್ಯಾಮೆರಾಗೆ ಎದುರಾಗಿ ನಿಲ್ಲುತ್ತಾನೆ. ಹೆಗಲ ಮೇಲೆ ಗೆದ್ದ ಗದೆ ಇರಬಹುದು, ತಲೆಗೆ ಪೇಟ ಇರಬಹುದು. ಗುಂಪಿನ ಫೋಟೋ ಆದರೆ ಉಸ್ತಾದರು ಕುರ್ಚಿಯಲ್ಲಿ, ಹುಡುಗರು ಹಿಂದೆ. ಹೊಟ್ಟೆ ಒಳಗೆ ಎಳೆದುಕೊಳ್ಳುವ ಆಸೆ ಯಾರಿಗೂ ಇಲ್ಲ. ಮಟ್ಟಿಯಲ್ಲಿ, ಅಂದರೆ ಕುಸ್ತಿ ಆಡುವ ಮಣ್ಣಿನ ಅಂಕಣದಲ್ಲಿ, ಬೇಕಾದದ್ದು ತೂಕ, ಕುತ್ತಿಗೆಯ ಬಲ, ನೆಲ ಬಿಡದ ಕಾಲು. ಸ್ನಾಯುಗಳನ್ನು ಒಂದೊಂದಾಗಿ ತೋರಿಸೋದು ಅಲ್ಲಿನ ಲೆಕ್ಕವೇ ಅಲ್ಲ. ಇಂಥ ಫೋಟೋಗಳಿಗೆ ಉಪಯೋಗವೂ ಇತ್ತು. ಕುಸ್ತಿ ಜೋಡಿ ಕಟ್ಟಿದ ಮೇಲೆ, ಅಂದರೆ ಯಾರ ಮೇಲೆ ಯಾರು ಅಂತ ಗೊತ್ತು ಮಾಡಿದ ಮೇಲೆ, ಪೈಲ್ವಾನರ ಮುಖ, ಮೈಕಟ್ಟು ಜನಕ್ಕೆ ತೋರಿಸಬೇಕಲ್ವಾ? ದಸರಾ ಕುಸ್ತಿಯ ಪೋಸ್ಟರ್‌ಗಳಲ್ಲಿ ಈಗಲೂ ಜೋಡಿಗಳ ಫೋಟೋ ಹಾಕುತ್ತಾರೆ.

ಇನ್ನು ಎರಡನೇ ದಾರಿ. ಅದರ ದೊಡ್ಡ ಹೆಸರು ಯೂಜಿನ್ ಸ್ಯಾಂಡೋ. ಸ್ಯಾಂಡೋ ಬನಿಯನ್ ಅಂತೀವಲ್ಲ, ಆ ಸ್ಯಾಂಡೋ ಇವನೇ. 1867ರಲ್ಲಿ ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿದ. ಮೊದಲಿಗೆ ಭಾರ ಎತ್ತಿ, ಸರಪಳಿ ಹರಿದು ತೋರಿಸುವ ಜಟ್ಟಿಯಾಗಿದ್ದ. ಆದರೆ ಇವನು ಹೆಸರಾದದ್ದು ಎತ್ತಿದ ಭಾರಕ್ಕಿಂತ ಜಾಸ್ತಿ ನಿಂತ ರೀತಿಯಿಂದ. ಲಂಡನ್ನಿನಲ್ಲಿ ಹೆನ್ರಿ ವ್ಯಾನ್ ಡರ್ ವೈಡ್ ಎಂಬ ಫೋಟೋಗ್ರಾಫರ್ ಇವನ ಫೋಟೋ ತೆಗೆದ. ಈ ವೈಡ್ 1877ರಲ್ಲೇ ವಿದ್ಯುತ್ ದೀಪದ ಸ್ಟುಡಿಯೋ ಶುರು ಮಾಡಿದ್ದವನು. ಆಮೇಲೆ 1893ರಲ್ಲಿ ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ತೆಗೆದ. ಸರೋನಿ ನಾಟಕದ ನಟ ನಟಿಯರನ್ನು ತೆಗೆದು ಹೆಸರು ಮಾಡಿದ್ದ. ಮರುವರ್ಷ ಎಡಿಸನ್ ಕಂಪನಿಯ ಚಲನಚಿತ್ರ ಕ್ಯಾಮೆರಾದ ಮುಂದೆಯೂ ಸ್ಯಾಂಡೋ ನಿಂತ.

ಆ ಫೋಟೋಗಳಲ್ಲಿ ಸ್ಯಾಂಡೋ ಗ್ರೀಕ್, ರೋಮನ್ ಶಿಲ್ಪಗಳ ಹಾಗೆ ನಿಲ್ಲುತ್ತಾನೆ. ಹರ್ಕ್ಯುಲಿಸ್ ಗದೆಗೆ ಒರಗಿದಂತೆ, ಗಾಯಗೊಂಡ ಯೋಧ ಕುಸಿದಂತೆ. ಮೈಗೆ ಬಿಳಿ ಪುಡಿ ಬಳಿದುಕೊಂಡು ಅಮೃತಶಿಲೆಯಂತೆ ಕಾಣಿಸಿಕೊಳ್ಳುತ್ತಿದ್ದ. ಇದು ಸುಮ್ನೆ ಸೊಗಸಿಗೆ ಮಾಡಿದ್ದಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಬರಿಮೈ ಗಂಡಸಿನ ಫೋಟೋ ಮಾರುವುದು ಸುಲಭದ ಮಾತಾಗಿರಲಿಲ್ಲ. ಶಿಲ್ಪದ ಹಾಗೆ ನಿಂತರೆ ಅದು ಕಲೆ, ಅದಕ್ಕೆ ಮರ್ಯಾದೆ. ನಿಮ್ಮ ತಾತನ ಪಕ್ಕ ನಿಂತಿರುವ ಕಂಬ ಕೂಡ ಆ ಕಾಲದ್ದೇ. ಪ್ಲಾಸ್ಟರ್ ಅಥವಾ ಮರದ ಕಂಬ, ಮೋಟು ಗೋಡೆ, ಬಣ್ಣ ಬಳಿದ ಪರದೆ ಯುರೋಪಿನ ಸ್ಟುಡಿಯೋಗಳ ಮಾಮೂಲಿ ಸಾಮಾನು. ನಮ್ಮ ಸ್ಟುಡಿಯೋದವರು ಅದನ್ನೇ ನೋಡಿ ಮಾಡಿಸಿಕೊಂಡರು.

1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೋ ಒಂದು ದೇಹದಾರ್ಢ್ಯ ಸ್ಪರ್ಧೆ ನಡೆಸಿದ. ತೀರ್ಪು ಕೊಡಲು ಅವನ ಜೊತೆ ಕೂತವರಲ್ಲಿ ಒಬ್ಬರು ಶಿಲ್ಪಿ ಚಾರ್ಲ್ಸ್ ಲಾಸ್, ಇನ್ನೊಬ್ಬರು ಷರ್ಲಾಕ್ ಹೋಮ್ಸ್ ಕಥೆಗಳ ಆರ್ಥರ್ ಕಾನನ್ ಡಾಯ್ಲ್. ಮೈಯನ್ನು ಅಳೆಯೋಕೆ ಶಿಲ್ಪಿಯನ್ನು ಕರೆಸಿದರು ಅನ್ನೋದರಲ್ಲೇ ಎಲ್ಲ ಗೊತ್ತಾಗುತ್ತದೆ. ಕೆಲವು ವರ್ಷಗಳಲ್ಲೇ ಸ್ಯಾಂಡೋ ಇಂಡಿಯಾಕ್ಕೂ ಬಂದು ಪ್ರದರ್ಶನ ಕೊಟ್ಟ. ಅವನ ಫೋಟೋ, ಪುಸ್ತಕ, ಅಂಚೆಯಲ್ಲಿ ಬರುವ ಕಸರತ್ತಿನ ಪಾಠ ಇಲ್ಲಿನ ಹುಡುಗರಿಗೂ ತಲುಪಿದವು.

ನಮ್ಮ ಕಡೆ ಇದನ್ನು ಮನಸಾರೆ ತೆಗೆದುಕೊಂಡವರು ಬೆಂಗಳೂರಿನ ಕೆ.ವಿ. ಅಯ್ಯರ್. 'ಶಾಂತಲಾ' ಕಾದಂಬರಿ ಓದಿದವರಲ್ಲಿ ಎಷ್ಟೋ ಜನಕ್ಕೆ ಅದನ್ನು ಬರೆದವರು ಆ ಕಾಲದ ಹೆಸರಾಂತ ದೇಹದಾರ್ಢ್ಯ ಗುರು ಅಂತ ಗೊತ್ತಿಲ್ಲ. 1930ರಲ್ಲಿ ಅವರು ಇಂಗ್ಲಿಷಿನಲ್ಲಿ ಅಂಗಸಾಧನೆಯ ಪುಸ್ತಕ ತಂದರು, ತಮ್ಮ ಫೋಟೋಗಳನ್ನೂ ಹಾಕಿದರು. ಆ ಫೋಟೋಗಳನ್ನು ಒಮ್ಮೆ ನೋಡಿ. ಬೆಳಕು ಪಕ್ಕದಿಂದ ಬಿದ್ದಿದೆ. ಒಂದೊಂದು ಸ್ನಾಯುವೂ ನೆರಳಿನಿಂದ ಎದ್ದು ಬಂದಿದೆ. ನಿಲುವು ಗ್ರೀಕ್ ಶಿಲ್ಪದ್ದು, ಮುಖ ನಮ್ಮದು. ನನ್ನ ಮಟ್ಟಿಗೆ ಕನ್ನಡದ ನೆಲದಲ್ಲಿ ತೆಗೆದ ಅತ್ಯಂತ ಚೆಂದದ ಫೋಟೋಗಳಲ್ಲಿ ಅವೂ ಸೇರುತ್ತವೆ.

ಮೈಸೂರಿಗೂ ಅಯ್ಯರ್ ಅವರಿಗೂ ನಂಟಿತ್ತು. ಅವರ ಶಿಷ್ಯರೊಬ್ಬರು ಜಗನ್ಮೋಹನ ಅರಮನೆಯಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ಅಲ್ಲೇ, ಕೆಲವು ಹೆಜ್ಜೆ ದೂರದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ 1933ರಿಂದ ನಡೆಯುತ್ತಿತ್ತು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲಿ ಬಂತು, ಅದರಲ್ಲೂ ಆಸನಗಳ ಫೋಟೋ. ಊರಿನ ಬೀದಿಗಳಲ್ಲಿ ಗರಡಿ ಮನೆಗಳು ಹೇಗೂ ಇದ್ದವು. ಒಂದೇ ಊರಿನಲ್ಲಿ ಗರಡಿ, ಜಿಮ್, ಯೋಗ ಮೂರೂ. ಬೆಳಗ್ಗೆ ಮಟ್ಟಿಗೆ ಇಳಿಯುವ ಹುಡುಗನ ಕಣ್ಣಿಗೆ ಸ್ಯಾಂಡೋ ತರಹದ ಫೋಟೋ ಬಿದ್ದಿರುವ ಸಾಧ್ಯತೆ ತುಂಬಾ ಇದೆ.

ಈಗ ನಿಮ್ಮ ಫೋಟೋ ಕಿಟಕಿ ಹತ್ತಿರ ತನ್ನಿ. ಮೊದಲು ಬೆಳಕು ನೋಡಿ. ಎದುರಿನಿಂದ ಸಮನಾಗಿ ಬಿದ್ದಿದ್ದರೆ ಗರಡಿ ರೀತಿ. ಒಂದು ಪಕ್ಕ ಬೆಳಗಿ ಇನ್ನೊಂದು ಪಕ್ಕ ಕತ್ತಲಾಗಿದ್ದರೆ ಫೋಟೋಗ್ರಾಫರ್‌ಗೆ ಮೈಕಟ್ಟಿನ ಫೋಟೋದ ಪರಿಚಯ ಇತ್ತು ಅಂತ ಹೇಳಬಹುದು. ಕೈ ನೋಡಿ. ಸುಮ್ಮನೆ ಕಟ್ಟಿದ್ದಾರಾ, ಇಲ್ಲ ಮುಷ್ಟಿಯನ್ನು ಕಂಕುಳ ಕಡೆ ತೂರಿಸಿ ತೋಳನ್ನು ಹಿಂದಿನಿಂದ ತಳ್ಳಿದ್ದಾರಾ? ತೋಳು ದಪ್ಪ ಕಾಣಲಿ ಅಂತ ಮಾಡುತ್ತಿದ್ದ ಉಪಾಯ ಅದು. ಮೈ ಹೊಳೆಯುತ್ತಿದ್ದರೆ ಎಣ್ಣೆ ಸವರಿದ್ದಾರೆ. ಕೆನ್ನೆ, ಎದೆ ವಿಪರೀತ ನುಣುಪಾಗಿದ್ದರೆ ನೆಗೆಟಿವ್ ಮೇಲೆ ಪೆನ್ಸಿಲ್‌ನಿಂದ ತಿದ್ದಿದ್ದಾರೆ. ಆಗ ಅದು ಪ್ರತಿ ಸ್ಟುಡಿಯೋದ ದಿನನಿತ್ಯದ ಕೆಲಸ. ಬಹಳಷ್ಟು ಫೋಟೋಗಳಲ್ಲಿ ಎರಡೂ ಬೆರೆತಿರುತ್ತವೆ: ಲಂಗೋಟಿ ಗರಡಿಯದು, ನಿಲುವು ಸ್ಯಾಂಡೋನದು. ನೀವು ಬರೆದದ್ದು ಓದಿದರೆ ನಿಮ್ಮ ತಾತನದೂ ಅಂಥದ್ದೇ ಅನ್ನಿಸುತ್ತದೆ.

ಕೆಲವರು ಇನ್ನೊಂದು ಕೇಳುತ್ತಾರೆ. ಇಂಟರ್ನೆಟ್ಟಿನಲ್ಲಿ ಇಂಥ ಹಳೇ ಫೋಟೋ ಹುಡುಕಿದರೆ ಗಂಡಸರನ್ನು ಇಷ್ಟಪಡುವ ಗಂಡಸರಿಗಾಗಿ ತೆಗೆದವೂ ಬರುತ್ತವಲ್ಲ, ಇದೂ ಅದೇನಾ ಅಂತ. ನಿಜ, ಅದು ಈ ಚರಿತ್ರೆಯ ಒಂದು ಮುಖ್ಯ ಭಾಗ, ಮರೆಮಾಚಬೇಕಾಗಿಲ್ಲ. ಲಾಸ್ ಏಂಜಲಿಸ್‌ನಲ್ಲಿ ಬಾಬ್ ಮೈಝರ್ 1945ರಲ್ಲಿ ಅಥ್ಲೆಟಿಕ್ ಮಾಡೆಲ್ ಗಿಲ್ಡ್ ಕಟ್ಟಿದರು, 1951ರಿಂದ ಫಿಸೀಕ್ ಪಿಕ್ಟೋರಿಯಲ್ ಪತ್ರಿಕೆ ತಂದರು. ಮೇಲೆ ಆರೋಗ್ಯ, ಕಲೆ ಅಂತ ಬರೆದಿರುತ್ತಿತ್ತು. ಮನಸ್ಸಿನ ಮಾತು ಹೇಳಿದರೆ ಜೈಲಿಗೆ ಹೋಗಬೇಕಾಗಿದ್ದ ಕಾಲದಲ್ಲಿ ಎಷ್ಟೋ ಜನಕ್ಕೆ ಆ ಪುಟಗಳೇ ಆಸರೆ. 1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಪತ್ರಿಕೆಗಳು ಅಶ್ಲೀಲವಲ್ಲ ಎಂದು ತೀರ್ಪು ಕೊಟ್ಟಿತು. ಭಂಗಿ ಒಂದೇ ಮೂಲದ್ದು, ತೆಗೆಸಿದ ಉದ್ದೇಶ ಬೇರೆ ಬೇರೆ. ಎರಡರಲ್ಲೂ ನಾಚಿಕೆಪಡುವಂಥದ್ದು ನನಗೆ ಏನೂ ಕಾಣುವುದಿಲ್ಲ.

ಕೊನೆಗೆ, ಫೋಟೋ ಕಾಪಾಡುವ ಮಾತು. ಮೂಲ ಫೋಟೋವನ್ನೇ ಗೋಡೆಗೆ ಹಾಕಬೇಡಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಅದರ ಪ್ರಿಂಟಿಗೆ ಕಟ್ಟು ಹಾಕಿಸಿ. ಮೂಲವನ್ನು ಆಸಿಡ್ ಇಲ್ಲದ ಕಾಗದದಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಬೀರು ಬೇಡ. ಲ್ಯಾಮಿನೇಷನ್, ಸೆಲ್ಲೋ ಟೇಪ್, ಒದ್ದೆ ಬಟ್ಟೆ ಹತ್ತಿರ ಸೇರಿಸಬೇಡಿ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಅಂಚಿನಲ್ಲಿ ಬೆಳ್ಳಿಯಂಥ ಹೊಳಪು ಬಂದಿದ್ದರೆ ಉಜ್ಜಬೇಡಿ, ಅದು ಫೋಟೋದೊಳಗಿನ ಬೆಳ್ಳಿಯೇ ಮೇಲೆ ಬಂದಿರುವುದು.

ಹಿಂಬದಿ ನೋಡುವುದು ಮರೆಯಬೇಡಿ. ರಟ್ಟಿನ ಮೇಲೆ ಸ್ಟುಡಿಯೋ ಹೆಸರು ಒತ್ತಿರಬಹುದು. ಪೋಸ್ಟ್‌ಕಾರ್ಡ್ ಆಗಿದ್ದರೆ ಸ್ಟಾಂಪ್ ಅಂಟಿಸುವ ಚೌಕದ ಸುತ್ತ ಕಾಗದದ ಕಂಪನಿಯ ಹೆಸರಿರಬಹುದು. ಅದರಿಂದ ಕಾಲ ಅಂದಾಜಾಗುತ್ತದೆ. ಆಮೇಲೆ ಮನೆಯ ಹಿರಿಯರ ಹತ್ತಿರ ಕೂತು ಕೇಳಿ: ಯಾವ ಗರಡಿ, ಉಸ್ತಾದರು ಯಾರು, ದಸರಾದಲ್ಲಿ ಆಡಿದ್ದರಾ, ಯಾರ ಮೇಲೆ? ಸಿಕ್ಕಿದ್ದನ್ನು ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ, ಒತ್ತದೆ ಬರೆಯಿರಿ. ಪೆನ್ನಿನ ಶಾಯಿ ಮುಂಬದಿಗೆ ಇಳಿಯುತ್ತದೆ. ಆ ಗರಡಿ ಇನ್ನೂ ನಡೆಯುತ್ತಿದ್ದರೆ ಒಂದು ಪ್ರಿಂಟ್ ಅಲ್ಲಿಗೂ ಕೊಟ್ಟು ಬನ್ನಿ.